ಢೋಲು ಬಾರಿಸಬೇಡಿ, ಕೂಸುಗಳು ಮಲಗಿವೆ

ಬೀದರಿನಲ್ಲಿರುವ ನನ್ನ ತಂಗಿಯ ಮಗಳು ಅಂಗನವಾಡಿ ಮೇಲ್ವಿಚಾರಕಿಯಾಗಿ ನೌಕರಿಗೆ ಸೇರಿದ ವಾರವೇ ಫೋನು ಮಾಡಿದಳು. "ದೊಡ್ಡವ್ವ, ನೀ ಜನ್ಮ ಎಲ್ಲಾ ಇದೇ ಕೆಲಸ ಮಾಡೀದಿ. ಏನೇನ್ ಮಾಡಬೇಕು ಅಂತ ಬರದು ಕಳಸು." ಏನೇನು ಮಾಡಬೇಕು ಎಂಬುದಕ್ಕೆ ಕೈಪಿಡಿ ಇದೆ, ನನ್ನ ದಿಂಬಿಗಿಂತ ದಪ್ಪವಾಗಿದೆ. ನಾನು ಬರೆಯಬಲ್ಲದ್ದು ಏನೇನು ಆಯಿತು ಎಂಬುದನ್ನು ಮಾತ್ರ. ಹಾಗೇ ಆಯಿತೆ ಎಂದು ಕೇಳಿದರೆ ಖಾತರಿ ಕೊಡಲಾರೆ. ನಿವೃತ್ತಿಯ ಸಮಾರಂಭದಲ್ಲಿ ಹೇಳಿದ ಕಥೆ ಒಂದು, ಮನೆಯಲ್ಲಿ ಯಜಮಾನರಿಗೆ ಹೇಳುತ್ತ ಬಂದದ್ದು ಇನ್ನೊಂದು. ಎರಡನ್ನೂ ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಎರಡೂ ಎಲ್ಲಿ ಒಂದೇ ಥರ ಇವೆಯೋ ಅಲ್ಲಿ ನನಗೆ ಹೆಚ್ಚು ಅನುಮಾನ.

ಕೆಲಸ ಮಾಡಿದ್ದೆಲ್ಲ ಮಹಾರಾಷ್ಟ್ರದಲ್ಲಿ, ಮೊದಲು ನಾಸಿಕ್, ಆಮೇಲೆ ಔರಂಗಾಬಾದ್, ಅಂದರೆ ಈಗಿನ ಛತ್ರಪತಿ ಸಂಭಾಜಿನಗರ. ಇಡೀ ವೃತ್ತಿಜೀವನ ಮರಾಠಿಯಲ್ಲಿ ಕಳೆಯಿತು. ಆದರೂ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಮರಾಠಿಯಲ್ಲಿ ಬರೆಯಲು ಕೂತರೆ ಪೆನ್ನು ತಾನಾಗಿ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಶುರು ಮಾಡುತ್ತದೆ.

ಬಡ್ತಿ ಯಾವಾಗ ಸಿಕ್ಕಿತು, ಯಾವ ಸಾಹೇಬರು ಶಹಬ್ಬಾಸ್ ಎಂದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಮಗಳೇ, ಮೊದಲು ತೂಕದ ಪ್ರಕರಣ ಕೇಳು.

ನಾಸಿಕದ ಹೊರವಲಯದಲ್ಲಿ ದೇವಳಾಲಿ ಕ್ಯಾಂಪಿನ ಕಡೆಗೆ ದೊಡ್ಡ ಕಟ್ಟಡಗಳ ಸಾಲು ಏಳುತ್ತಿತ್ತು. ತಗಡಿನ ಗುಡಿಸಲುಗಳಲ್ಲಿ ಕಲಬುರಗಿ ಕಡೆಯ ಕೂಲಿಗಳು. ಕನ್ನಡ ಬರುವ ಮೇಲ್ವಿಚಾರಕಿ ನಾನೊಬ್ಬಳೇ ಆದ್ದರಿಂದ ಆ ಜಾಗವನ್ನು ನನ್ನ ಕೊರಳಿಗೆ ಕಟ್ಟಿದರು. ಮೊದಲ ದಿನ ಹುರುಪಿನಿಂದ ತಕ್ಕಡಿ ತೆಗೆದುಕೊಂಡು ಹೋದೆ. ಆಗಿನ ತಕ್ಕಡಿ ಗೋಡೆ ಗಡಿಯಾರದಂಥದು. ಕೊಕ್ಕೆಗೆ ತೂಗುಹಾಕಬೇಕು, ಕೆಳಗೆ ಚಡ್ಡಿಯಂಥ ಚೀಲ, ಅದರಲ್ಲಿ ಕೂಸನ್ನು ಇಳಿಬಿಟ್ಟರೆ ಮುಳ್ಳು ತಿರುಗುತ್ತದೆ. ಬಿದಿರಿನ ಗಳಕ್ಕೆ ನೇತುಹಾಕಿ, ಒಂದೊಂದು ಕೂಸಿನ ತೂಕವನ್ನೂ ಗಟ್ಟಿಯಾಗಿ ಕೂಗಿ ಹೇಳಿ ಬರೆದುಕೊಂಡೆ. ಮಾರನೆಯ ದಿನ ಹೋದರೆ ಕ್ಯಾಂಪಿನಲ್ಲಿ ಒಂದು ಕೂಸೂ ಇಲ್ಲ! ಗುಡಿಸಲ ಬಾಗಿಲಲ್ಲಿ ನಿಂತ ಹೆಂಗಸರು, ಕೂಸು ಎಂಬುದನ್ನು ಜನ್ಮದಲ್ಲೇ ಕಂಡಿಲ್ಲವೆಂಬಂತೆ ನನ್ನನ್ನು ನೋಡಿದರು.

ಆಗ ಮುಂದೆ ಬಂದವಳು ಮಲ್ಲವ್ವ. ಅಫಜಲಪುರದ ಕಡೆಯವಳು, ಕಾಂಕ್ರೀಟು ಹೊರುವ ಕೆಲಸ. ತಲೆಯ ಮೇಲೆ ಸಿಂಬಿ ಇರಲಿ ಇಲ್ಲದಿರಲಿ, ಬುಟ್ಟಿ ಹೊತ್ತವಳಂತೆಯೇ ಕತ್ತು ನೆಟ್ಟಗೆ ಇಟ್ಟುಕೊಂಡು ಮಾತಾಡುವವಳು. ಆ ಕಡೆ ನಮ್ಮಂಥ ನೌಕರಿಯ ಹೆಂಗಸರನ್ನು ಗೌರವಕ್ಕೆ ಬಾಯಿ, ಬಾಯಾರ ಎಂದು ಕರೆಯುತ್ತಾರೆ.

"ಬಾಯಾರ, ಕುರಿ ತೂಗ್ದಂಗ ತೂಗಿದ್ರ ಯಾರರೆ ಕೂಸು ಕೊಡ್ತಾರೇನ್ರಿ? ಮಂದಿ ಮುಂದ ತೂಕ ಒದರಿದ್ರ ನದರು ಆಗ್ತದ, ದೃಷ್ಟಿ ತಾಗ್ತದ."

"ಮತ್ತೇನು ಮಾಡಲಿ ಮಲ್ಲವ್ವ? ತೂಗದೆ ನನಗೆ ಗತಿ ಇಲ್ಲ."

"ಮೊದಲ ನೀವು ತೂಗಸ್ಕೋರಿ. ನದರು ನಿಮಗ ತಾಗ್ಲಿ. ನಿಮಗೇನ್ರಿ, ತಡಕೋತೀರಿ. ಮೈಯಾಗ ಜಾಗಾ ಭಾಳ ಅದ."

ನನ್ನನ್ನು ಕಬ್ಬಿಣದ ಸಲಾಕೆ ತೂಗುವ ಕಾಟಾದ ಮೇಲೆ ನಿಲ್ಲಿಸಿದರು. ಸ್ಟೋರಿನವನು ನನ್ನ ತೂಕವನ್ನು ಮೇಲಿನ ಮಹಡಿಯ ಗೌಂಡಿಗೂ ಕೇಳುವಂತೆ ಕೂಗಿದ. ಇಡೀ ಸೈಟು ನಕ್ಕಿತು. ಅಂದಿನಿಂದ ತಿಂಗಳು ತಿಂಗಳೂ ಮೊದಲು ನಾನು, ಆಮೇಲೆ ಕೂಸುಗಳು. ಈಗ ನಿಮ್ಮ ಕಾಲದಲ್ಲಿ ತೂಕವನ್ನು ಫೋನಿನ ಆ್ಯಪ್ ಕೇಳುತ್ತದೆ, ಕೂಸಿನ ಮುಖವನ್ನೂ ಕೇಳುತ್ತದೆ. ಫೋನಿಗೆ ನದರು ತಾಗುವುದಿಲ್ಲ, ನೆಟ್‌ವರ್ಕ್ ಹೋಗುತ್ತದೆ ಅಷ್ಟೆ.

ಮಲ್ಲವ್ವನ ಕೂಸಿನ ಹೆಸರು ಭೀಮಾಶಂಕರ, ಕರೆಯುವುದು ಭೀಮ್ಯಾ. ಆಗಷ್ಟೇ ಅಂಬೆಗಾಲಿಡುತ್ತಿದ್ದ. ಅವ್ವ ಬುಟ್ಟಿ ಹೊರುವಾಗ ಅವನ ಕಾಲಿಗೆ ಹಳೇ ಸೀರೆಯ ಪಟ್ಟಿಯ ಒಂದು ತುದಿ, ಇನ್ನೊಂದು ತುದಿ ಸಲಾಕೆಯ ಹೊರೆಗೆ. ಇದು ಅವಳೊಬ್ಬಳ ಪದ್ಧತಿಯಲ್ಲ, ಆ ಸೈಟಿನಲ್ಲಿ ಎಲ್ಲ ತಾಯಂದಿರೂ ಹಾಗೇ ಕಟ್ಟುತ್ತಿದ್ದರು. ಒಂದು ದಿನ ಗಂಟು ಸಡಿಲಾಯಿತು. ಲಿಫ್ಟಿಗೆಂದು ತೋಡಿದ ಗುಂಡಿಯ ಅಂಚಿನಲ್ಲಿ ಕೂತು, ಒಂದೊಂದೇ ಜಲ್ಲಿಕಲ್ಲು ಒಳಗೆ ಹಾಕಿ, ಅದು ಬಿದ್ದ ಸದ್ದಿಗೆ ಕೇಕೆ ಹೊಡೆಯುತ್ತಿದ್ದವನನ್ನು ಮಲ್ಲವ್ವ ಹಿಂದಿನಿಂದ ಹೋಗಿ ಎತ್ತಿಕೊಂಡಳು. ಉಸಿರು ಬಿಡದೆ ಹೋದೆ ಎಂದು ನನಗೆ ಹೇಳಿದಳು, ಕೂಗಿದ್ದರೆ ತಿರುಗಿ ನೋಡಲು ಹೋಗಿ ಬೀಳುತ್ತಿದ್ದನಂತೆ. ಅಂದಿನಿಂದ ಪಟ್ಟಿ ಗಿಡ್ಡವಾಯಿತು. ಗಿಡ್ಡವಾದರೆ ಕೂಸು ದಿನವಿಡೀ ಅಳುತ್ತದೆ. ಉದ್ದ ಬಿಟ್ಟರೆ ಗುಂಡಿ. ನಾನು ಹೋದಾಗಲೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ. "ಬಾಯಾರ, ನೀವು ಅಕ್ಕಿ ಕೊಡಬ್ಯಾಡ್ರಿ, ಖಿಚಡಿ ಕೊಡಬ್ಯಾಡ್ರಿ. ಇಂವನ್ನ ಬಿಡ್ಲಕ್ಕ ಒಂದು ಜಾಗಾ ಕೊಡ್ರಿ."

ಜಾಗ ಇತ್ತು. ಬೀಗವೂ ಇತ್ತು.

ಇಲ್ಲಿ ನಮ್ಮ ನಾಯಕರು ಬರುತ್ತಾರೆ. ಎಲ್ಲರೂ ಅವರನ್ನು ಆಬಾ ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ನಾಸಿಕ್ ಜಿಲ್ಲೆಯ ಮಕ್ಕಳ ಕಲ್ಯಾಣದ ಸಮಿತಿಯೊಂದಕ್ಕೆ ಅವರು ಅಧ್ಯಕ್ಷರಾಗಿದ್ದರು. ರಸ್ತೆ, ನೀರಾವರಿಯಂಥ ತೂಕದ ಸಮಿತಿಗಳನ್ನು ಬೇರೆಯವರು ಹಂಚಿಕೊಂಡ ಮೇಲೆ ಇವರಿಗೆ ಉಳಿದದ್ದು ಕೂಸುಗಳು. ಸಿಟ್ಟಿನಲ್ಲಿಯೋ ಏನೋ, ಒಂದು ಭಾಷಣದಲ್ಲಿ "ದೊಡ್ಡ ಸೈಟು ಇದ್ದಲ್ಲೆಲ್ಲ ಒಂದು ಪಾಳಣಾಘರ" ಎಂದು ಘೋಷಿಸಿಬಿಟ್ಟರು. ಪಾಳಣಾಘರ ಅಂದರೆ ತಾಯಿ ದುಡಿಯುವಾಗ ಕೂಸನ್ನು ನೋಡಿಕೊಳ್ಳುವ ಮನೆ. ನಮ್ಮ ಸೈಟಿನ ಕಂತ್ರಾಟುದಾರ ತಗಡಿನ ಕೋಣೆ ಕಟ್ಟಿಸಿ, ಗೋಡೆಗೆ ಆನೆಯ ಚಿತ್ರ ಬರೆಸಿ, ಸೀರೆಯ ಜೋಲಿ ಕಟ್ಟಲು ಕೊಂಡಿ ಹಾಕಿಸಿದ. ಬಾಗಿಲಿಗೆ ಕೆಂಪು ರಿಬ್ಬನ್ ಬಂತು. ಉದ್ಘಾಟನೆ ಆಬಾ ಅವರಿಂದ.

ಆಬಾಗೆ ಮೊದಲ ಸಲ ಮದುವೆ ಬಂತು. ಎರಡನೆಯ ಸಲ ಯಾರದೋ ದಿನಕರ್ಮ. ಆಮೇಲೆ ಚುನಾವಣೆಯ ನೀತಿಸಂಹಿತೆ. ರಿಬ್ಬನ್ ಬಿಸಿಲಿಗೆ ಗುಲಾಬಿಯಾಯಿತು. ನಮ್ಮ ಅಧಿಕಾರಿ ಜೋಶಿ ಮೇಡಂ ನಿಯಮವನ್ನು ಕುಂಕುಮದಷ್ಟೇ ಶ್ರದ್ಧೆಯಿಂದ ಧರಿಸುವವರು. "ಉದ್ಘಾಟನೆಗೆ ಮುಂಚೆ ಒಂದು ಕೂಸೂ ಒಳಗೆ ಹೋಗಬಾರದು" ಎಂದರು. ಬೀಗದ ಕೈ ಅವರ ಪರ್ಸಿನಲ್ಲಿ.

ಒಂದು ಬೆಳಿಗ್ಗೆ ಕೋಣೆಯ ಹಿಂಬದಿಯ ತಗಡೊಂದು ನಟ್ಟು ಬಿಚ್ಚಿಕೊಂಡು ಪಕ್ಕಕ್ಕೆ ಸರಿದಿತ್ತು. ಯಾರು ಬಿಚ್ಚಿದರೆಂದು ನಾನು ಹೇಳಲಾರೆ. ನಟ್ಟು ಬಿಚ್ಚುವ ಪಾನಾ ನನ್ನ ಚೀಲದಲ್ಲಿ ಇದ್ದದ್ದು ನಿಜ, ಚೀಲದಲ್ಲಿ ಏನೇನೋ ಇರುತ್ತದೆ. ಅಂದಿನಿಂದ ಎದುರಿಗೆ ರಿಬ್ಬನ್, ಹಿಂದಿನಿಂದ ಕೂಸುಗಳು. ನಮ್ಮ ಅಂಗನವಾಡಿ ಸೇವಿಕೆಯೊಬ್ಬಳು ಒಳಗೆ ಕೂತು ನೋಡಿಕೊಂಡಳು. ಭೀಮ್ಯಾನ ಕಾಲಿನ ಪಟ್ಟಿಯ ಗುರುತು ನಿಧಾನವಾಗಿ ಮಾಸಿತು.

ಕೊನೆಗೂ ಆಬಾ ಬರುವ ದಿನ ಬಂತು. ನಾಸಿಕದ ಢೋಲಿನ ತಂಡ ಬಂದು ಸಾಲಾಗಿ ನಿಂತಿತು. ಆ ಢೋಲು ಬಾರಿಸಿದರೆ ಹಲ್ಲು ಹುಳುಕಾಗಿರುವವರು ಕೆನ್ನೆ ಹಿಡಿದುಕೊಳ್ಳುತ್ತಾರೆ, ಅಂಥ ಸದ್ದು. ಕೂಸುಗಳನ್ನು ಮಾತ್ರ ತಾಯಂದಿರು ಎಂದಿನಂತೆ ಬೆಳಿಗ್ಗೆ ಒಳಗೆ ಬಿಟ್ಟು ಕೆಲಸಕ್ಕೆ ಹೋಗಿದ್ದರು. "ಇವತ್ತೊಂದು ದಿನ ಬೇಡ" ಎಂದು ನಾನು ಹೇಳಿದ್ದೆ. ಹೇಳಿದ್ದೆ ಎಂದೇ ನೆನಪು. ಆಬಾ ತಡವಾಗಿ ಬಂದರು, ಅಷ್ಟರಲ್ಲಿ ಕೂಸುಗಳೆಲ್ಲ ಖಿಚಡಿ ತಿಂದು ಮಲಗಿಬಿಟ್ಟಿದ್ದವು.

ಕಾರಿನಿಂದ ಆಬಾ ಇಳಿದರು. ಮೊದಲು ಹೊಟ್ಟೆ, ಆಮೇಲೆ ಆಬಾ. ಢೋಲಿನವನು ಕೋಲು ಎತ್ತಿದ. ಮಲ್ಲವ್ವ ಎಲ್ಲಿಂದಲೋ ಬಂದು, ಖಾಲಿ ಬುಟ್ಟಿಯನ್ನು ಆ ಢೋಲಿಗೆ ಮುಚ್ಚಳದಂತೆ ಒತ್ತಿ ಹಿಡಿದು ನಿಂತಳು.

"ಬಾರಸ್ರಿ ನೋಡೋಣ! ಒಂದು ಕೂಸು ಎದ್ರ ಎಲ್ಲಾ ಏಳ್ತಾವ. ಎದ್ದ ಕೂಸಿನ್ನ ನೀವೇ ಬಗಲಾಗ ಹೊತ್ಕೊಂಡು ಬಾರಸ್ಬೇಕು!"

ಢೋಲಿನವನಿಗೆ ಕನ್ನಡ ತಿಳಿಯದಿದ್ದರೂ ಅರ್ಥವಾಯಿತು. ಆಬಾ ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು, "ಏನಂತೆ ಬಾಯಿ?"

"ನೀವು ಬಂದದ್ದು ತಮ್ಮ ಭಾಗ್ಯ ಎನ್ನುತ್ತಿದ್ದಾಳೆ ಆಬಾ. ಕೂಸುಗಳು ಮಲಗಿವೆಯಂತೆ."

"ಎಲ್ಲಿ?"

ನಾನು ಗೋಡೆಯ ಆನೆಯನ್ನು ನೋಡಿದೆ. ಜೋಶಿ ಮೇಡಂ ನನ್ನನ್ನು ನೋಡಿದರು. ಆಬಾ ಕಿಟಕಿಯಲ್ಲಿ ಇಣುಕಿ, ಬಾಗಿಲ ಬೀಗವನ್ನು ಮುಟ್ಟಿ, ಮತ್ತೆ ಇಣುಕಿದರು. "ಹೊರಗೆ ಬೀಗ, ಒಳಗೆ ಕೂಸುಗಳು. ನಾನು ಉದ್ಘಾಟನೆ ಮಾಡಬೇಕಾದದ್ದು ಏನನ್ನು?"

ಮಲ್ಲವ್ವ ಬುಟ್ಟಿ ಇಳಿಸಿದಳು. "ಈ ಡೊಳ್ಳಹೊಟ್ಟಿ ಸಾಹೇಬ್ರಿಗಿ ಹಿಂದಿನಿಂದ ಬರ್ಲಕ್ಕ ಹೇಳ್ರಿ ಬಾಯಾರ. ಚಪ್ಪಲಿ ಬಿಚ್ಚಿ ಬರ್ಲಿ. ಹಿಡೀತಾರೋ ಇಲ್ಲೋ, ಆ ಸಂದಿನ್ಯಾಗ."

"ದಯವಿಟ್ಟು ಒಳಗೆ ಬಂದು ಆಶೀರ್ವಾದ ಮಾಡಬೇಕಂತೆ" ಎಂದೆ.

ಆಬಾ ಚಪ್ಪಲಿ ಬಿಚ್ಚಿದರು. ಅಡ್ಡಕ್ಕೆ ತಿರುಗಿ, ಉಸಿರು ಒಳಗೆಳೆದುಕೊಂಡು, ತಗಡಿನ ಸಂದಿಯಲ್ಲಿ ತೂರಿಕೊಂಡರು. ಹಿಂದೆ ನಾನು, ಮಲ್ಲವ್ವ, ತುಟಿ ಬಿಗಿದ ಜೋಶಿ ಮೇಡಂ.

ನಿವೃತ್ತಿ ಸಮಾರಂಭದ ಕಥೆಯಲ್ಲಿ ಇಲ್ಲಿ ಎಲ್ಲ ಕೂಸುಗಳೂ ಒಟ್ಟಿಗೆ ಎದ್ದು ಅಳುತ್ತವೆ. ಜನ ಬಹಳ ನಕ್ಕಿದ್ದರು. ನಿಜವಾಗಿ ಎದ್ದದ್ದು ಭೀಮ್ಯಾ ಒಬ್ಬನೇ. ಆಬಾ ಅವನ ಜೋಲಿಯ ಪಕ್ಕದಲ್ಲೇ ನಿಂತಿದ್ದರಿಂದ ಸೀರೆಯ ತುದಿ ಹಿಡಿದು ತೂಗಿದರು. ಕೂಸು ಕಣ್ಣು ಮುಚ್ಚಿತು. ಕೈ ಬಿಟ್ಟರು, ಅತ್ತಿತು. ಮತ್ತೆ ತೂಗಿದರು. ಹೀಗೆ ಸಿಕ್ಕಿಬಿದ್ದ ನಾಯಕರನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಹೊರಗೆ ಪತ್ರಕರ್ತರು, ಢೋಲು, ಹಾರ. ಒಳಗೆ ಆಬಾ, ಪಿಸುಮಾತಿನಲ್ಲಿ.

ಮಲ್ಲವ್ವನೂ ಪಿಸುಗುಟ್ಟಿದಳು. "ಜೋರಾಗಿ ತೂಗಬ್ಯಾಡಂತ ಹೇಳ್ರಿ. ಇದು ಓಟಿನ ಪೆಟಗಿ ಅಲ್ಲ, ಕೂಸು."

ಇಂಥ ಅವಕಾಶ ಮತ್ತೆ ಸಿಗುವುದಿಲ್ಲವೆಂದು ನನಗೆ ಅನ್ನಿಸಿತು. "ಇವಳು ಹೇಳುವುದೇನೆಂದರೆ ಆಬಾ," ಎಂದು ಶುರುಮಾಡಿದೆ, "ಇದನ್ನು ಕಚೇರಿಯ ವೇಳೆಯಂತೆ ಹತ್ತಕ್ಕೆ ತೆರೆಯಬೇಕೆಂದು ನಿಯಮವಿದೆ. ಇವರು ಬುಟ್ಟಿ ಎತ್ತುವುದು ಎಂಟಕ್ಕೆ. ಮತ್ತೆ, ಸ್ಥಳೀಯ ವಿಳಾಸದ ಕಾರ್ಡು ಇದ್ದವರ ಕೂಸಿಗೆ ಮಾತ್ರ ಪ್ರವೇಶವಂತೆ. ಇವರ ವಿಳಾಸ ಅಫಜಲಪುರದ್ದು."

"ಅಷ್ಟು ಚಿಕ್ಕ ಮಾತಿನಲ್ಲಿ ಅಷ್ಟೆಲ್ಲ ಹೇಳಿದಳೆ?"

"ಕನ್ನಡ ಬಹಳ ಅಡಕವಾದ ಭಾಷೆ ಆಬಾ."

ಆಬಾ ತೂಗುತ್ತಲೇ ಜೋಶಿ ಮೇಡಂ ಕಡೆ ನೋಡಿದರು. "ಈ ನಿಯಮ ಮಾಡಿದ್ದು ಯಾರು?"

"ನಿಮ್ಮ ಸಮಿತಿ, ಸರ್."

"ಬದಲಿಸಿ."

"ಅದಕ್ಕೆ ಸಭೆ ಕರೆಯಬೇಕಾಗುತ್ತದೆ, ಸರ್."

"ಕರೆದೆ. ಇದೇ ಸಭೆ. ಬರೆದುಕೊಳ್ಳಿ, ಮೆಲ್ಲಗೆ."

ಮರುದಿನದ ಪತ್ರಿಕೆಯಲ್ಲಿ ರಿಬ್ಬನ್ ಕತ್ತರಿಸುವ ಚಿತ್ರ ಬಂತು. ತೂಗುವ ಚಿತ್ರ ಇಲ್ಲ, ಫೋಟೋದವರು ಮುಂಬಾಗಿಲಲ್ಲೇ ಕಾಯುತ್ತಿದ್ದರು. ಆಬಾ ಮುಂದೆ ಅನೇಕ ಭಾಷಣಗಳಲ್ಲಿ ಈ ಕಥೆ ಹೇಳಿದರು. ಒಂದರಲ್ಲಿ ತಗಡು ಬಿಚ್ಚಿಸಿದವರು ಅವರೇ. ಇನ್ನೊಂದರಲ್ಲಿ ಸ್ವತಃ ಪಾನಾ ಹಿಡಿದಿದ್ದರು. ನನಗೆ ಬೇಸರವಿಲ್ಲ. ಪಾನಾ ಅವರ ಕೈಗೆ ಹೋದದ್ದರಿಂದ ತಗಡಿನ ಬಗ್ಗೆ ಜೋಶಿ ಮೇಡಂ ನನ್ನ ಮೇಲೆ ಶುರು ಮಾಡಿದ್ದ ವಿಚಾರಣೆ ನಿಂತಿತು.

ಕಥೆ ಇಲ್ಲಿಗೆ ನಿಲ್ಲಿಸಿದರೆ ಚೆಂದ, ಸಮಾರಂಭದಲ್ಲಿ ಇಲ್ಲಿಗೇ ನಿಲ್ಲಿಸಿದ್ದೆ. ಆದರೆ ಕಟ್ಟಡಗಳು ಒಂದು ದಿನ ಮುಗಿಯುತ್ತವೆ ಎಂಬುದನ್ನು ನಾವ್ಯಾರೂ ಯೋಚಿಸಿರಲಿಲ್ಲ. ಸ್ಲ್ಯಾಬಿನ ಕೆಲಸ ಮುಗಿದದ್ದೇ ತಗಡಿನ ಕೋಣೆ ಬಿಚ್ಚಿ ಲಾರಿಗೆ ಹಾಕಿದರು. ಕೂಲಿಗಳು ಅದೇ ಕಂತ್ರಾಟುದಾರನ ಹಿಂದೆ ಔರಂಗಾಬಾದಿಗೆ, ದೌಲತಾಬಾದ್ ರಸ್ತೆಯ ಹೊಸ ಸೈಟಿಗೆ ಹೋದರು. ನಾನೂ ಅಷ್ಟರಲ್ಲಿ ಅಲ್ಲಿಗೇ ವರ್ಗವಾಗಿದ್ದೆ. ಒಂದು ದಿನ ಮಲ್ಲವ್ವನ ಫೋನು.

"ಬಾಯಾರ, ಭೀಮ್ಯಾ ಮತ್ತ ಪಟ್ಟಿಗಿ ಬಂದಾನ್ರಿ."

ಹೋಗಿ ನೋಡಿದೆ. ಈಗ ಅವನು ನಡೆಯುತ್ತಿದ್ದ, ಪಟ್ಟಿ ಕಾಲಿನಿಂದ ಸೊಂಟಕ್ಕೆ ಏರಿತ್ತು. ಎತ್ತಿನಂತೆ ಮುಂದಕ್ಕೆ ಜಗ್ಗುತ್ತಿದ್ದ. ಆಚೆಗೆ ನೀರಿನ ತೊಟ್ಟಿ, ಅದಕ್ಕೆ ಮುಚ್ಚಳವಿಲ್ಲ. ಕಂತ್ರಾಟುದಾರನನ್ನು ಕೇಳಿದರೆ, "ಆ ಆದೇಶ ನಾಸಿಕದ್ದು ಬಾಯಿ, ಇದು ಬೇರೆ ಜಿಲ್ಲೆ" ಎಂದು ಚಹ ತರಿಸಿದ. ನನ್ನ ಇಲ್ಲಿನ ಮೇಲಧಿಕಾರಿಯೂ ಚಹ ತರಿಸಿದರು. ಇಬ್ಬರ ಚಹವೂ ಚೆನ್ನಾಗಿತ್ತು.

ಅಷ್ಟರಲ್ಲಿ ಆಬಾ ವೇರೂಳಿನ, ಅಂದರೆ ಎಲ್ಲೋರದ, ಗೃಷ್ಣೇಶ್ವರಕ್ಕೆ ಸಂಸಾರ ಸಮೇತ ದರ್ಶನಕ್ಕೆ ಬರುತ್ತಾರೆಂದು ಸುದ್ದಿ ಸಿಕ್ಕಿತು. ಮಗಳೇ, ಇದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ: ಆ ಗುಡಿಯ ಗರ್ಭಗೃಹಕ್ಕೆ ಗಂಡಸರು ಅಂಗಿ, ಬನಿಯನ್ ಬಿಚ್ಚಿ ಹೋಗಬೇಕು. ಅಂಗಿ ಇಲ್ಲದ ನಾಯಕರಿಗೆ ಜೇಬಿಲ್ಲ, ಜೇಬಿಲ್ಲದ್ದರಿಂದ ಫೋನಿಲ್ಲ, ಅಂಗಿ ಫೋನು ಎರಡನ್ನೂ ಹಿಡಿದ ಆಪ್ತ ಸಹಾಯಕ ಹೊರಗೆ ನಿಂತಿರುತ್ತಾನೆ. ಮನವಿ ಕೊಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ನಾನು, ಮಲ್ಲವ್ವ, ಅವಳ ಸೊಂಟದ ಮೇಲೆ ಭೀಮ್ಯಾ, ಸಾಲಿನಲ್ಲಿ ಸರಿಯಾಗಿ ಆಬಾ ಹಿಂದೆ. ನಸುಗತ್ತಲಿನ ಕಲ್ಲಿನ ಮಂಟಪದಲ್ಲಿ ಅವರ ಬಿಳಿಯ ಬೆನ್ನು ಹೊಳೆಯುತ್ತಿತ್ತು. ಭೀಮ್ಯಾ ಕೈ ಚಾಚಿ ಅವರ ರುದ್ರಾಕ್ಷಿ ಸರ ಹಿಡಿದ. ಆಬಾ ತಿರುಗಿದರು.

"ಆಬಾ, ಇವನನ್ನು ನೀವು ತೂಗಿದ್ದಿರಿ" ಎಂದು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದೆ.

ಸರ ಬಿಡಿಸಿಕೊಳ್ಳುತ್ತ ಅವರು, "ಪಾಪ. ಆದರೆ ಬಾಯಿ, ಇದು ನನ್ನ ಜಿಲ್ಲೆಯಲ್ಲ" ಎಂದರು.

ಮಲ್ಲವ್ವ ಸಿಡಿದಳು. "ಅವ್ರಿಗಿ ಹೇಳ್ರಿ, ಕೂಸಿಗಿ ಜಿಲ್ಲಾ ಗೊತ್ತಿಲ್ಲ. ನಾಸಿಕದಾಗ ನಾಲ್ಕು ಸಲ ತೂಗಿ ಪೇಪರದಾಗ ಬಂದ್ರು. ಈ ಡೊಳ್ಳಹೊಟ್ಟಿಗಿ ಫೋಟೋ ಮುಖ್ಯ, ನನ್ನ ಮಗ ತೊಟ್ಟ್ಯಾಗ ಬಿದ್ರೇನು, ಎದ್ರೇನು!"

"ನಿಮ್ಮ ಉಪಕಾರ ಮರೆತಿಲ್ಲ, ನಿಮ್ಮ ಮೇಲೆಯೇ ಭರವಸೆ ಎನ್ನುತ್ತಿದ್ದಾಳೆ ಆಬಾ."

ಆಬಾ ಸರವನ್ನು ಎದೆಯ ಮೇಲೆ ನೇರ ಮಾಡಿಕೊಂಡರು. ಆಮೇಲೆ ಅಚ್ಚ ಸೊಲ್ಲಾಪುರದ ಕಡೆಯ ಕನ್ನಡದಲ್ಲಿ ಹೇಳಿದರು: "ಡೊಳ್ಳಹೊಟ್ಟಿ ಅಂದದ್ದು ಯಾಕ ಬಿಟ್ರಿ ಬಾಯಾರ? ನಮ್ಮವ್ವ ಅಕ್ಕಲಕೋಟದಾಕಿರಿ."

ಗುಡಿಯೊಳಗೆ ಗಂಟೆ ಮೊಳಗುತ್ತಿತ್ತು, ಅದೊಂದೇ ನನ್ನ ಅದೃಷ್ಟ. ಮಲ್ಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ತೊದಲಿದೆ, "ಹಾಗಾದರೆ ಆಬಾ, ನಾಸಿಕದಲ್ಲಿ..."

"ಎಲ್ಲಾ ತಿಳೀತಿತ್ತು. ಓಟಿನ ಪೆಟಗಿನೂ ತಿಳೀತು. ಎಂಟು ಗಂಟಿ, ಕಾರ್ಡು, ಅದು ಆಕಿ ಅಂದೇ ಇದ್ದಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ದಿರಿ?"

"ಅಷ್ಟು ಚೆಂದ ಸುಳ್ಳು ಹೇಳ್ತಿದ್ರಿ. ನಮ್ಮ ಪಾರ್ಟಿಗಿ ಬರ್ತೀರೇನು ಅಂತ ವಿಚಾರ ಮಾಡ್ಕೋತ ನಿಂತಿದ್ದೆ."

ಅವರು ಮಲ್ಲವ್ವನ ಕಡೆ ತಿರುಗಿದರು. "ಏ ತಂಗಿ, ಹೊಟ್ಟಿ ಬಗ್ಗೆ ಮನ್ಯಾಗ ನನ್ನ ಹೇಣ್ತಿ ದಿನಾ ಅಂತಾಳ. ಇಲ್ಲಿ ದೇವರ ಮುಂದರೆ ಬಿಡು. ಎಲ್ಲಿ ಅದ ನಿನ್ನ ಸೈಟು?"

ದರ್ಶನ ಮುಗಿಸಿ, ಅಂಗಿ ತೊಟ್ಟು, ಆಬಾ ಹೇಳದೆ ಕೇಳದೆ ಸೈಟಿಗೆ ಬಂದರು. ಕಂತ್ರಾಟುದಾರನಿಗೆ ನಾಸಿಕದಲ್ಲಿ ಇನ್ನೂ ಅನೇಕ ಕೆಲಸಗಳು ಆಗಬೇಕಿದ್ದವು. ಓಡಿ ಬಂದ. ಬಿಸಿಲಲ್ಲಿ ನಿಲ್ಲಿಸಬಾರದೆಂದು ಅವರನ್ನು ಸ್ಯಾಂಪಲ್ ಫ್ಲ್ಯಾಟಿಗೆ ಕರೆದುಕೊಂಡು ಹೋದ. ಕೊಳ್ಳುವವರಿಗೆ ತೋರಿಸಲು ಸಿಂಗರಿಸಿದ ಮನೆ ಅದು. ಪ್ಲಾಸ್ಟಿಕ್ ಹಣ್ಣು, ತಂಪು ಯಂತ್ರ, ಒಳಗೆ ಮಕ್ಕಳ ಕೋಣೆ. ಗೋಡೆಗೆ ಬಲೂನಿನ ಚಿತ್ರ, ಚಿಕ್ಕ ಮಂಚ, ಬಟ್ಟೆಯ ಕರಡಿ. ಯಾವ ಮಗುವೂ ಅಂದಿನವರೆಗೆ ಮಲಗದ ಹಾಸಿಗೆ.

ಆಬಾ ಮಲ್ಲವ್ವನ ಸೊಂಟದಿಂದ ಭೀಮ್ಯಾನನ್ನು ಇಳಿಸಿಕೊಂಡು ಆ ಮಂಚದ ಮೇಲೆ ಬಿಟ್ಟರು. ಭೀಮ್ಯಾ ಕರಡಿಯ ಕಿವಿ ಕಚ್ಚಿದ.

"ಭಾರೀ ಚೆಂದ ಇದೆ ನಿಮ್ಮ ಸ್ಯಾಂಪಲ್" ಎಂದರು ಆಬಾ ಮರಾಠಿಯಲ್ಲಿ. "ಒಂದು ಕೊರತೆ ಇತ್ತು. ಮಕ್ಕಳಿರಲಿಲ್ಲ. ಇವಳ ಜೊತೆಯವರ ಕೂಸುಗಳೂ ಬರಲಿ. ಬೇರೆ ಕೋಣೆ ಕಟ್ಟುವವರೆಗೆ ಮಾತ್ರ. ನಿಮಗೆ ಅವಸರವಿದ್ದರೆ ಬೇಗ ಕಟ್ಟಿ."

ಕಂತ್ರಾಟುದಾರ ಚಹ ತರಿಸಿದ. ಈ ಸಲ ಸಕ್ಕರೆ ಹಾಕಿಸುವುದನ್ನು ಮರೆತಿದ್ದ.

ಆಮೇಲೆ ಈ ಜಿಲ್ಲೆಯಲ್ಲೂ ಆದೇಶ ಬಂತು. ಅದರಲ್ಲಿ ಮಕ್ಕಳ ಸರ್ವಾಂಗೀಣ ವಿಕಾಸದ ಬಗ್ಗೆ ಎಷ್ಟೋ ವಾಕ್ಯಗಳಿವೆ, ರುದ್ರಾಕ್ಷಿ ಸರದ ಬಗ್ಗೆ ಒಂದೂ ಇಲ್ಲ. ಆಬಾ ಒಳ್ಳೆಯವರೆ, ಚಾಲಾಕಿಯೆ ಎಂದು ನೀನು ಕೇಳಬಹುದು. ಆ ಎರಡನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಡಲು ನನಗೆ ಇನ್ನೂ ಬಂದಿಲ್ಲ.

ಸ್ಯಾಂಪಲ್ ಫ್ಲ್ಯಾಟಿನ ಮೊದಲ ಬೆಳಿಗ್ಗೆ ನಾನೂ ಹೋಗಿದ್ದೆ. ಎಂಟಕ್ಕೆ ಮಲ್ಲವ್ವ ಬಂದಳು. ಭೀಮ್ಯಾನ ಸೊಂಟದ ಪಟ್ಟಿ ಬಿಚ್ಚಿ, ಅದರಿಂದಲೇ ಅವನ ಮೂಗು ಒರೆಸಿ ಕೆಳಗೆ ಬಿಟ್ಟಳು. ಅವನು ಒಂದೇ ಓಟ, ಕರಡಿಯ ಕಡೆಗೆ. ತಿರುಗಿ ನೋಡಲಿಲ್ಲ. ಅವಳು ಬಾಗಿಲಲ್ಲಿ ಸ್ವಲ್ಪ ನಿಂತು ಹೋದಳು.

ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಅವಳ ಮುಖ, ತಲೆಯ ಮೇಲೆ ತುಂಬಿದ ಬುಟ್ಟಿ. "ಅಳ್ಲಕತ್ತಾನೇನ್ರಿ?"

"ಇಲ್ಲ ಮಲ್ಲವ್ವ. ಆಡುತ್ತಿದ್ದಾನೆ."

"ಛಲೋ ಆತು."

ಮತ್ತೆ ಬಂದಳು. ಈ ಸಲ ಬುಟ್ಟಿ ಖಾಲಿ. "ಈಗರೆ ಅತ್ತನೇನ್ರಿ?"

"ಇಲ್ಲ."

"ಅವ್ವ ಎಲ್ಲಿ ಅಂತರೆ ಕೇಳಿದ್ನೋ?"

ನಾನು ತಲೆ ಅಲ್ಲಾಡಿಸಿದೆ. ಅವಳು ಹೋಗಲಿಲ್ಲ. ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು, ಕೂಸನ್ನು ಎತ್ತಿಕೊಳ್ಳುವ ಜಾಗದಲ್ಲೇ ಆನಿಸಿಕೊಂಡು, ಕಿಟಕಿಯ ಹೊರಗೆ ನಿಂತೇ ಇದ್ದಳು. ಮೇಸ್ತ್ರಿ ಮೇಲಿನಿಂದ ಕೂಗುತ್ತಿದ್ದ. ಒಳಗೆ ಭೀಮ್ಯಾ ಇನ್ನೊಂದು ಕೂಸಿನ ಕೈಯಿಂದ ಕರಡಿ ಕಸಿದುಕೊಂಡು ಗಹಗಹಿಸಿ ನಗುತ್ತಿದ್ದ.

"ನೀನು ಹೋದ ಮೇಲೆ ಅತ್ತ ನೋಡು" ಎಂದೆ. "ಅವ್ವಾ ಅವ್ವಾ ಅಂತ ಭಾಳ ಅತ್ತ. ನಾನೇ ಹೇಳಿರಲಿಲ್ಲ."

"ಹಂಗ ಹೇಳ್ರಿ ಮತ್ತ!" ಮಲ್ಲವ್ವನ ಮುಖ ಬೆಳಗಿತು. ಬುಟ್ಟಿಯನ್ನು ತಲೆಗೇರಿಸಿ ಮೆಟ್ಟಿಲಿನತ್ತ ನಡೆಯುತ್ತ, ಮೇಲಿನವರಿಗೆಲ್ಲ ಕೇಳುವಂತೆ ಒದರಿದಳು: "ಏ, ಕೇಳಿದ್ರೇನ? ನಮ್ಮಂವ ಭಾರೀ ಅತ್ತಾನಂತ!"